ಎರಡು ಸಲ ದಾಟಿದ ಗೆರೆ

"ಒಂದು ನಿಮಿಷ ಮೌನ," ಎಂದು ಪಂಚಾಕ್ಷರಪ್ಪ ಮೈಕಿನಲ್ಲಿ ಹೇಳಿ ತಲೆ ತಗ್ಗಿಸಿದ.

ಸಬ್ ಇನ್‌ಸ್ಪೆಕ್ಟರ್ ಮಮತಾ ಸಭೆಯ ಹಿಂದೆ ಗೋಡೆಗೊರಗಿ ನಿಂತು ಕೈಗಡಿಯಾರ ನೋಡಿಕೊಂಡಳು. ಇಪ್ಪತ್ತೆರಡನೆಯ ಸೆಕೆಂಡಿಗೆ ಆತ ತಲೆ ಎತ್ತಿದ.

"ಆ ಮಗುವಿನ ಆತ್ಮಕ್ಕೆ ಶಾಂತಿ ಸಿಗಲಿ. ಈಗ ಬಹುಮಾನ ವಿತರಣೆ."

ಶಿಕಾರಿಪುರದ ಸಮುದಾಯ ಭವನದ ತುಂಬ ಚಪ್ಪಾಳೆ ಬಿತ್ತು. ಹಿಂಬಾಗಿಲಿನಿಂದ ಕೇಸರಿಬಾತಿನ ಡಾಲ್ಡಾ ವಾಸನೆ ಒಳಗೆ ಬರುತ್ತಿತ್ತು. ಬೆಳಗಿನಿಂದ ಮಮತಾ ಏನನ್ನೂ ತಿಂದಿರಲಿಲ್ಲ.

ಭಾನುವಾರದ ಗುಡ್ಡದ ಹಾಫ್ ಮ್ಯಾರಥಾನಿನಲ್ಲಿ ನಾಗಶ್ರೀ ಎಂಬ ಇಪ್ಪತ್ತಮೂರರ ಹುಡುಗಿ ಇಳಿಜಾರಿನ ತಿರುವಿನಿಂದ ಕೊರಕಲಿಗೆ ಬಿದ್ದು ಸತ್ತಿದ್ದಳು. ಇವತ್ತು ಮಂಗಳವಾರ.

ಓಟ ಸೊರಬದ ಕಡೆಯ ಕೆಂಚನಗುಡ್ಡದ ನೆತ್ತಿಯಿಂದ ಅಂಬ್ಲಿಗೊಳದ ಕಟ್ಟೆಯವರೆಗೆ, ಒಟ್ಟು ಇಪ್ಪತ್ತೊಂದು ಕಿಲೋಮೀಟರ್. ಮೊದಲರ್ಧ ಮೊಣಕಾಲು ಕಳಚಿ ಬೀಳುವಂಥ ಇಳಿಜಾರು, ಕಾಡಿನ ನಡುವಿನ ಕೆಮ್ಮಣ್ಣಿನ ದಾರಿ. ಗುಡ್ಡದ ಬುಡ ಮುಟ್ಟಿದ ಮೇಲೆ ಉಳಿದರ್ಧ ನಾಲೆಯ ಏರಿಯ ಮೇಲೆ ಸಪಾಟು. ಮುನ್ನೂರ ಹನ್ನೆರಡು ಜನ ಓಡಿದ್ದರು. ಓಟದ ಸಮಿತಿಗೆ ಪಂಚಾಕ್ಷರಪ್ಪನೇ ಅಧ್ಯಕ್ಷ. ಗೆದ್ದವನು ಅವನ ಮಗ ಅರುಣ.

ಅರುಣ ವೇದಿಕೆ ಹತ್ತಿ ಹಾರಕ್ಕೆ ಕುತ್ತಿಗೆ ಒಡ್ಡಿದ. ಅವನ ಬೆನ್ನ ಹಿಂದಿನ ಪರದೆಯ ಮೇಲೆ ಓಟದ ಚಿತ್ರಗಳು ಒಂದೊಂದಾಗಿ ಬರುತ್ತಿದ್ದವು. ಮಮತಾ ಮುಖಗಳನ್ನು ಬಿಟ್ಟು ಕಾಲುಗಳನ್ನು ನೋಡಿದಳು.

ಗುಡ್ಡದ ಕಾಡಿನಲ್ಲಿ ರಕ್ತ ಹೀರುವ ಉಣುಗಿನ ಕಾಟ. ಅದು ಕಚ್ಚಿ ಬರುವ ಮಂಗನ ಕಾಯಿಲೆಯ ಭಯಕ್ಕೆ ಓಟ ಶುರುವಾಗುವ ಮೊದಲು ಪ್ರತಿಯೊಬ್ಬರ ಕಾಲಿಗೂ ಮೊಣಕಾಲಿನವರೆಗೆ ಎಣ್ಣೆ ಹಚ್ಚಿದ್ದರು. ಆ ಎಣ್ಣೆಗೆ ಇಳಿಜಾರಿನ ಧೂಳು ಮೆತ್ತಿ, ಕೊನೆಯ ಗೆರೆ ಮುಟ್ಟುವಾಗ ಎಲ್ಲರ ಮೀನಖಂಡಗಳೂ ಇಟ್ಟಿಗೆಯಂತೆ ಕೆಂಪಾಗಿದ್ದವು.

ಅರುಣನ ಕಾಲು ಮಾತ್ರ ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಧೂಳೇ ಇರಲಿಲ್ಲ.

"ನೋಡಿದ್ರಾ ಉಜ್ಜಪ್ಪ?" ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲನ್ನು ಕೇಳಿದಳು.

"ನೋಡಿದೆ ಮೇಡಂ. ಇನ್ನೊಂದು ಹೇಳ್ತೀನಿ ಕೇಳ್ರಿ. ಬಸ್ ಸ್ಟ್ಯಾಂಡಿನಾಗೆ ಒಂದು ಫ್ಲೆಕ್ಸ್ ಕಟ್ಯಾರಲ್ಲ, ಪ್ರಥಮ ಸ್ಥಾನ ಪಡೆದ ಅರುಣನಿಗೆ ಅಭಿನಂದನೆ ಅಂತ, ಅದನ್ನ ಶನಿವಾರ ಸಂಜೀನೇ ಪ್ರಿಂಟ್ ಮಾಡ್ಸ್ಯಾರೆ. ಅಂಗಡಿಯವನೇ ಹೇಳ್ದ."

"ಓಟ ಆಗೋ ಹಿಂದಿನ ದಿನ."

"ಹೂಂ."

ಈ ಓಟ ಮೋಸದ್ದು ಎಂದು ಮಮತಾಳಿಗೆ ನಿನ್ನೆ ಸಮಿತಿಯ ಪಟ್ಟಿ ನೋಡಿದಾಗಲೇ ಅನ್ನಿಸಿತ್ತು. ಮೋಸಕ್ಕೂ ಸಾವಿಗೂ ಇರುವ ಕೊಂಡಿ ಮಾತ್ರ ಸಿಕ್ಕಿರಲಿಲ್ಲ.

ವೇದಿಕೆಯ ಮೇಲೆ ನಾಗಶ್ರೀಯ ತಾಯಿ ಹಾಲಮ್ಮನನ್ನು ಕರೆದರು. ಈಸೂರಿನ ಕಡೆ ಹೊಲ ಮಾಡಿಕೊಂಡು, ನಲವತ್ತು ಕುರಿ ಸಾಕಿಕೊಂಡಿದ್ದ ಹೆಂಗಸು. ಅವಳ ಮೊಣಕೈ ಹಿಡಿದು ಹಿರಿಯ ಮಗ ರಾಜು ಮೆಟ್ಟಿಲು ಹತ್ತಿಸಿದ. ಪಂಚಾಕ್ಷರಪ್ಪ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟ. ಫೋಟೊದವನು "ಅಮ್ಮಾ, ಇತ್ಲಾಗೆ ನೋಡಿ" ಎಂದ. ಹಾಲಮ್ಮ ಯಾವ ಕಡೆಗೂ ನೋಡಲಿಲ್ಲ. ರಾಜು ಜೇಬಿನಿಂದ ಚೀಟಿ ತೆಗೆದು, ಸಮಿತಿಯವರಿಗೆ ತಮ್ಮ ಕುಟುಂಬ ಚಿರಋಣಿ ಎಂದು ಓದಿದ.

ಸಭೆ ಮುಗಿದ ಮೇಲೆ ಹಾಲಮ್ಮ ತಾನಾಗಿಯೇ ಮಮತಾಳ ಹತ್ತಿರ ಬಂದಳು. ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಮೇಡಮ್ಮಾರೆ, ಒಂದು ಮಾತು ಕೇಳ್ಬೇಕಿತ್ತು. ನಮ್ಮ ನಾಗಿ ಹೆಂಗ್ ಬಿದ್ಲಂತ್ರಿ?"

"ತಿರುವಿನಲ್ಲಿ ಜಾರಿದಳು ಅಂತ ಅವಳ ಕೋಚ್ ಹೇಳಿದಾರೆ. ಅವರು ಕಣ್ಣಾರೆ ನೋಡಿದಾರಂತೆ."

"ಆರು ವರ್ಷದಾಕಿ ಇದ್ದಾಗಿಂದ ಕುರಿ ಹಿಂದೆ ಗುಡ್ಡ ಇಳಿದಾಳ್ರಿ ಆಕಿ. ಬರಿಗಾಲಾಗೆ, ಮಳೆಯಾಗೆ. ಒಂದಿನ ಬಿದ್ದಿಲ್ಲ."

"ಅವ್ವಾ, ಸಾಕು ಬಾ," ಎಂದು ರಾಜು ಕರೆದ.

"ನಾಲ್ಕು ಗಂಟೆಗೆ ಇಬ್ರೂ ಸ್ಟೇಷನ್ನಿಗೆ ಬನ್ನಿ," ಎಂದಳು ಮಮತಾ. "ಮಗಳ ಸಾಮಾನಿಗೆ ಒಂದು ಸಹಿ ಬೇಕು."

*

ಠಾಣೆಯ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಉಜ್ಜಪ್ಪ ನಾಗಶ್ರೀಯ ಶೂಗಳನ್ನು ಅಂಗಾತ ಇಟ್ಟ. ಎಡಗಾಲಿನ ಶೂವಿನ ಲೇಸಿಗೆ ಕಾಸಿನಷ್ಟಗಲದ ಕಪ್ಪು ಚಿಪ್ ಕಟ್ಟಿತ್ತು. ಓಟಗಾರರು ಗುಡ್ಡದ ಬುಡದ ಅರ್ಧದ ಗೆರೆಯಲ್ಲಿ, ಕೊನೆಯ ಗೆರೆಯಲ್ಲಿ ಹಾಸಿದ ಮ್ಯಾಟ್ ದಾಟಿದಾಗ ಹೊತ್ತು ದಾಖಲಾಗುವುದು ಈ ಚಿಪ್ಪಿನಿಂದ.

ಮಮತಾ ಹೇರ್‌ಪಿನ್ನಿನಿಂದ ಅಟ್ಟೆಯ ಸಂದುಗಳನ್ನು ಕೆರೆದಳು. ಮೊದಲು ಉದುರಿದ್ದು ಬೂದುಬಣ್ಣದ, ನುಣ್ಣನೆಯ, ಒಣಗಿದ ಕೆಸರು. ಅದರ ಕೆಳಗೆ ಕೆಂಪು ಧೂಳು.

ಅವಳು ಪಿನ್ನು ಕೆಳಗಿಟ್ಟಳು.

"ಈ ಬೂದು ಕೆಸರು ಎಲ್ಲಿದು?"

ಉಜ್ಜಪ್ಪ ಬೆರಳಲ್ಲಿ ತಿಕ್ಕಿ ಮೂಸಿ ಮುಖ ಕಿವುಚಿದ. "ನಾಲೇದು ಮೇಡಂ. ಮೊನ್ನೆ ಹೂಳು ಎತ್ತಿ ಏರಿ ಮ್ಯಾಲೆ ಹಾಕ್ಯಾರೆ. ಕೊಳೆತ ಮೀನಿನ ವಾಸನೆ ನೋಡ್ರಿ."

"ಗುಡ್ಡದ ಮೇಲೆ ಎಲ್ಲಾದರೂ ಇಂಥ ಮಣ್ಣು ಉಂಟಾ?"

"ಎಲ್ಲೈತೆ? ಗುಡ್ಡ ಪೂರಾ ಕೆಮ್ಮಣ್ಣು."

ಹೆಣ ಸಿಕ್ಕಿದ್ದು ಏಳನೆಯ ಕಿಲೋಮೀಟರಿನ ತಿರುವಿನ ಕೆಳಗೆ. ನಾಲೆ ಶುರುವಾಗುವುದು ಹತ್ತೂವರೆಯ ನಂತರ. ಏಳಕ್ಕೇ ಬಿದ್ದು ಸತ್ತವಳ ಅಟ್ಟೆಗೆ ನಾಲೆಯ ಕೆಸರು ಹತ್ತುವುದು ಹೇಗೆ? ಅದೂ ಕೆಂಪು ಧೂಳಿನ ಮೇಲೆ?

ಆಗಲೇ ಬಾಗಿಲಲ್ಲಿ ಒಬ್ಬ ಯುವತಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ನಿಂತಿದ್ದಳು. ಓಟಗಾರರ ಸಮಯ ದಾಖಲಿಸಲು ದಾವಣಗೆರೆಯಿಂದ ಬಂದಿದ್ದ ರಮ್ಯ. ಮಮತಾ ನಿನ್ನೆಯೇ ಅವಳಿಗೆ ಹೇಳಿಕಳಿಸಿದ್ದಳು.

"ಪಟ್ಟಿ ಕೊಟ್ಟಿದೀನಲ್ಲ ಮೇಡಂ, ಸಮಿತಿಯವರಿಗೆ," ಎಂದಳು ರಮ್ಯ.

"ಅದರಲ್ಲಿ ನಾಗಶ್ರೀ ಹೆಸರೇ ಇಲ್ಲ."

"ಅವರೇ ತೆಗಿ ಅಂದ್ರು. ಮಷಿನ್ ತಪ್ಪು ಓದಿದೆ ಅಂದ್ರು. ನಾನೂ ಹಾಗೇ ಅಂದ್ಕೊಂಡೆ. ಏಳನೇ ಕಿಲೋಮೀಟರಲ್ಲಿ ಹೋದವರು ಅರ್ಧದ ಗೆರೆ ಹೇಗೆ ದಾಟ್ತಾರೆ?"

"ದಾಟಿದಾಳಾ?"

ರಮ್ಯ ಲ್ಯಾಪ್‌ಟಾಪ್ ತೆರೆದಳು. "ಸೋಸದೇ ಇರೋ ಫೈಲ್ ಇದು. ನೂರಾ ಏಳು ಅವಳ ನಂಬರು. ಅರ್ಧದ ಗೆರೆ, ಆರು ಗಂಟೆ ನಲವತ್ತೊಂದು ನಿಮಿಷ. ಎಲ್ಲರಿಗಿಂತ ಮೊದಲು. ಗಂಡಸರಿಗಿಂತಲೂ."

ಓಟ ಶುರುವಾದದ್ದು ಆರಕ್ಕೆ; ನಲವತ್ತೊಂದು ನಿಮಿಷದಲ್ಲಿ ಗುಡ್ಡ ಇಳಿದಿದ್ದಳು. ಪೊಲೀಸ್ ಕ್ರೀಡಾಕೂಟದಲ್ಲಿ ಐದು ವರ್ಷ ಓಡಿದ್ದ ಮಮತಾಳಿಗೆ ಆ ಲೆಕ್ಕದ ಅರ್ಥ ಗೊತ್ತಿತ್ತು. ಇಳಿಜಾರಿನಲ್ಲಿ ಹೆದರಿದವರು ಹೆಜ್ಜೆಹೆಜ್ಜೆಗೂ ತಡೆಹಾಕಿ ತೊಡೆಯ ಕಸುವು ಕಳೆದುಕೊಳ್ಳುತ್ತಾರೆ. ಈ ಹುಡುಗಿ ಹೆದರದೆ ಓಡಿದ್ದಳು.

"ಇನ್ನೊಂದಿದೆ," ಎಂದಳು ರಮ್ಯ. ಅವಳ ದನಿ ಸಣ್ಣಗಾಗಿತ್ತು. "ಅದೇ ಗೆರೆ ಮೇಲೆ ಅವಳ ಚಿಪ್ ಮತ್ತೆ ಓದಿದೆ. ಏಳು ಇಪ್ಪತ್ತೆರಡಕ್ಕೆ. ಒಂದೇ ಚಿಪ್ ಎರಡನೇ ಸಲ ಬಂದ್ರೆ ಮಷಿನ್ ಪಟ್ಟಿಯಿಂದ ತಾನೇ ಬಿಟ್ಟುಬಿಡತ್ತೆ. ಅದಕ್ಕೇ ಯಾರಿಗೂ ಕಾಣಲಿಲ್ಲ."

ಮಮತಾ ನಿಧಾನವಾಗಿ ಹೇಳಿದಳು: "ಅವಳು ಇಳಿದು ನಾಲೆ ಏರಿಗೆ ಹೋಗಿದ್ದಳು. ನಲವತ್ತು ನಿಮಿಷದ ಮೇಲೆ ಅವಳನ್ನ ವಾಪಸ್ ಗುಡ್ಡಕ್ಕೆ ಹೊತ್ಕೊಂಡು ಹೋಗಿದಾರೆ."

"ಅಷ್ಟು ಜನ ಇಳೀತಿದ್ರಲ್ಲ ಮೇಡಂ, ಯಾರೂ ನೋಡ್ಲಿಲ್ವಾ?" ಎಂದ ಉಜ್ಜಪ್ಪ. ಮರುಕ್ಷಣವೇ ಅವನ ಮುಖ ಬದಲಾಯಿತು. "ಆಂಬುಲೆನ್ಸ್."

ಹೌದು. ನಿನ್ನೆ ಕೇಳಿದ ಓಟಗಾರರಲ್ಲಿ ನಾಲ್ಕೈದು ಜನ ಹೇಳಿದ್ದರು: ಹಿಂದೆ ಉಳಿದವರು ಗುಡ್ಡದ ಬುಡಕ್ಕೆ ಬರುವ ಹೊತ್ತಿಗೆ ಸಮಿತಿಯ ಆಂಬುಲೆನ್ಸ್ ವ್ಯಾನು ಸೈರನ್ ಹಾಕಿಕೊಂಡು ಮೇಲೆ ಹೋಯಿತು, ಯಾರಿಗೋ ಏನೋ ಆಗಿದೆ ಎಂದು ದಾರಿ ಬಿಟ್ಟೆವು. ಆ ವ್ಯಾನು ಬಿದ್ದವರನ್ನು ತರಲು ಹೋಗಿರಲಿಲ್ಲ. ಬೀಳಿಸಲು ಕೊಂಡೊಯ್ದಿತ್ತು.

ಮಮತಾ ಹೊರಗೆ ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದಳು. ಎರಡು ಸಲ ಸೋಪು ಹಾಕಿ ತಿಕ್ಕಿದರೂ ಕೆಸರಿನ ವಾಸನೆ ಹೋಗಲಿಲ್ಲ. ಒಳಗೆ ಬಂದು ಕೇಳಿದಳು.

"ರಮ್ಯ, ಏಳು ಇಪ್ಪತ್ತೆರಡಕ್ಕೆ ಅವಳ ಜೊತೆ ಮತ್ಯಾರ ಚಿಪ್ಪಾದರೂ ಎರಡನೇ ಸಲ ಓದಿದೆಯಾ?"

ರಮ್ಯ ಪರದೆಯನ್ನು ಕೆಳಕ್ಕೆ ಸರಿಸಿದಳು. "ಒಂದು. ಅದೇ ಸೆಕೆಂಡು. ನಲವತ್ತನೇ ನಂಬರು." ಹೆಸರು ಹುಡುಕಿ ಓದಿದಳು. "ಯತೀಶ."

ಉಜ್ಜಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ.

ಯತೀಶ ನಾಗಶ್ರೀಯ ಕೋಚ್. ಅವಳು ಜಾರಿ ಬಿದ್ದದ್ದನ್ನು ಕಣ್ಣಾರೆ ಕಂಡೆನೆಂದು ಹೇಳಿಕೆ ಕೊಟ್ಟಿದ್ದವನು.

"ಅವನನ್ನ ಕರ್ಕೊಂಡು ಬನ್ನಿ," ಎಂದಳು ಮಮತಾ.

*

ನಾಲ್ಕೂವರೆಗೆ ಯತೀಶ ಬಂದ. ಮೂವತ್ತೈದರ ಗಟ್ಟಿ ಆಳು, ಶಾಲೆಯೊಂದರಲ್ಲಿ ಆಟದ ಮೇಷ್ಟ್ರು. ಹೊರಗಿನ ಬೆಂಚಿನಲ್ಲಿ ಹಾಲಮ್ಮ ಮತ್ತು ರಾಜು ಕೂತಿದ್ದರು. ಅವನು ಅವರನ್ನು ನೋಡದೆ ಒಳಗೆ ನಡೆದ.

"ಭಾನುವಾರ ಕೊಟ್ಟ ಹೇಳಿಕೆ ಇನ್ನೊಂದು ಸಲ ಹೇಳಿ," ಎಂದಳು ಮಮತಾ.

"ಎಂತ ಹೇಳೋದು ಮೇಡಂ. ಅವಳು ನನಗಿಂತ ಸ್ವಲ್ಪ ಮುಂದಿದ್ಲು. ತಿರುವಲ್ಲಿ ಕಾಲು ಜಾರ್ತು. ನಾನು ನೋಡಿದೆ."

"ನಿಲ್ಲಲಿಲ್ಲ."

"ಇಲ್ಲ." ಅವನು ನೆಲ ನೋಡಿದ. "ಟೈಮಿಂಗ್ ಹೋಗತ್ತೆ ಅಂತ ಓಡಿಬಿಟ್ಟೆ. ಹಿಂದಿನವರು ನೋಡ್ಕೋತಾರೆ ಅಂದ್ಕೊಂಡೆ. ತಪ್ಪು ಮಾಡಿದೆ. ಊರೆಲ್ಲ ನನ್ನ ಮುಖಕ್ಕೆ ಉಗೀತಾ ಇದೆ."

ಭಾನುವಾರ ಈ ಮಾತು ಕೇಳಿ ಮಮತಾಳಿಗೆ ಅವನ ಮೇಲೆ ಅಸಹ್ಯ ಹುಟ್ಟಿತ್ತು. ತಾನೇ ಕಲಿಸಿದ ಹುಡುಗಿ ಕಣ್ಣೆದುರು ಬಿದ್ದರೂ ಗಡಿಯಾರ ನೋಡಿಕೊಂಡು ಓಡಿದವನು. ಈಗ ಹುಟ್ಟಿದ್ದು ಅದಕ್ಕಿಂತ ಕೆಳಗಿನದು. ಈ ಮನುಷ್ಯ ಅವಳು ಬಿದ್ದದ್ದನ್ನು ನೋಡಿಯೇ ಇರಲಿಲ್ಲ. ನೋಡಿದ ಸತ್ಯವೊಂದನ್ನು ಮುಚ್ಚಲು ಕರುಣೆಯಿಲ್ಲದವನ ವೇಷ ಹಾಕಿಕೊಂಡಿದ್ದ. ಜನ ಉಗಿದಷ್ಟೂ ಅವನಿಗೆ ಕ್ಷೇಮ.

ಅವಳು ಒಂದು ಹಾಳೆಯನ್ನು ಅವನ ಮುಂದಿಟ್ಟಳು.

"ಇದು ನಿಮ್ಮ ಚಿಪ್ಪು. ಆರು ಐವತ್ತೊಂಬತ್ತಕ್ಕೆ ಅರ್ಧದ ಗೆರೆ ದಾಟಿದೀರಿ, ಓಡಿಕೊಂಡು. ಏಳು ಇಪ್ಪತ್ತೆರಡಕ್ಕೆ ಮತ್ತೆ ದಾಟಿದೀರಿ, ನಾಗಶ್ರೀ ಜೊತೆ."

ಯತೀಶ ಹಾಳೆ ಮುಟ್ಟಲಿಲ್ಲ.

"ಏಳು ನಲವತ್ತೊಂಬತ್ತಕ್ಕೆ ಮೂರನೇ ಸಲ ದಾಟಿದೀರಿ. ಆಗ ಒಬ್ಬರೇ."

"ಮಷಿನ್ದು ಏನೋ..."

"ಅವಳ ಶೂವಿನ ಕೆಸರೂ ಮಷಿನ್ ತಪ್ಪಾ?"

ಅವನ ಹಣೆಯ ಮೇಲೆ ಬೆವರು ಮೂಡಿತು. ಒರೆಸಿಕೊಳ್ಳಲು ಕೈಯೆತ್ತಿ ಹಾಗೇ ಇಳಿಸಿದ.

"ವ್ಯಾನಲ್ಲಿ ಯಾರ್ಯಾರಿದ್ರು?"

"ಡ್ರೈವರು. ನಾನು. ಅವಳು."

"ನಾಲೆ ಹತ್ತಿರ ಏನಾಯ್ತು?"

"ನಾನು ನೋಡಿಲ್ಲ ಮೇಡಂ, ಸತ್ಯವಾಗ್ಲೂ. ಗೆರೆ ಹತ್ರ ಪಂಚಾಕ್ಷರಪ್ಪೋರು ನನ್ನನ್ನ ನಿಲ್ಲಿಸಿ, ನಿನ್ನ ಹುಡುಗಿಗೆ ಪೆಟ್ಟಾಗಿದೆ ಬಾ ಅಂದ್ರು. ಪಂಪ್‌ಹೌಸಿನ ಹಿಂದೆ ಮಲಗಿಸಿದ್ರು. ಅರುಣ ಅಲ್ಲೇ ನಿಂತು ಅಳ್ತಿದ್ದ. ಅವನೇ ಹೇಳಿದ್ದು: ಅರುಣ ಗುಡ್ಡ ಇಳಿದದ್ದು ಬೈಕಲ್ಲಿ. ಗೆರೆ ಹತ್ರ ಇಳಿದು ದಾಟಿ, ಮುಂದೆ ಮತ್ತೆ ಹತ್ತಿದಾನೆ. ಏರಿ ಮೇಲೆ ನಾಗಶ್ರೀ ಒಬ್ಬಳೇ ಮುಂದಿದ್ಲಲ್ಲ, ಹಿಂದಿನಿಂದ ಬೈಕ್ ಬಂದದ್ದು ನೋಡಿ ದಾರಿಗೆ ಅಡ್ಡ ನಿಂತಿದಾಳೆ. ಬೈಕ್ ನಿಲ್ಲಿಸಲಿಲ್ಲ."

"ಓಡಿಸ್ತಿದ್ದವನು ಯಾರು?"

"ಗೊತ್ತಿಲ್ಲ. ನಾನು ಹೋದಾಗ ಅವನೂ ಇರಲಿಲ್ಲ, ಬೈಕೂ ಇರಲಿಲ್ಲ. ಕೇಳಿದ್ದಕ್ಕೆ ಅರುಣ ಬಾಯಿ ಬಿಡಲಿಲ್ಲ. ಅವನನ್ನ ಅವರಪ್ಪ ಕಾರಲ್ಲಿ ಕಟ್ಟೆ ಹತ್ರಕ್ಕೆ ಕಳಿಸಿಬಿಟ್ರು, ಗೆಲ್ಲೋಕೆ."

"ಆಮೇಲೆ?"

"ಇಳಿಜಾರಲ್ಲಿ ಬಿದ್ಲು ಅಂದ್ರೆ ಯಾರೂ ಕೇಳಲ್ಲ, ಅಂದ್ರು ಪಂಚಾಕ್ಷರಪ್ಪೋರು. ನೋಡಿದೆ ಅಂತ ಒಬ್ರು ಹೇಳ್ಬೇಕು ಅಂದ್ರು. ನಿಲ್ಲದೆ ಓಡಿದೆ ಅಂತ ಹೇಳು, ಬೈದು ಸುಮ್ಮನಾಗ್ತಾರೆ, ಸುಳ್ಳು ಅಂತ ಯಾರೂ ಅನ್ಕೊಳಲ್ಲ, ಅಂತ ಅವರೇ ಹೇಳಿಕೊಟ್ರು. ನನ್ನ ಕೆಲಸ ಪರ್ಮನೆಂಟ್ ಮಾಡಿಸ್ತೀನಿ ಅಂದ್ರು. ಏಳು ವರ್ಷದಿಂದ ಗೆಸ್ಟ್ ಟೀಚರು ನಾನು."

"ಹೆಣಾನ ಕೊರಕಲಿಗೆ ಎಸೆದದ್ದು ನೀವಾ, ಡ್ರೈವರಾ?"

ಯತೀಶ ಮೊದಲ ಸಲ ತಲೆಯೆತ್ತಿದ.

"ಹೆಣ ಅಲ್ಲ ಮೇಡಂ."

"ಏನು?"

"ಅವಳು ಸತ್ತಿರಲಿಲ್ಲ. ಕಾಲು ಮುರಿದಿತ್ತು, ಕಿವಿ ಹತ್ರ ರಕ್ತ ಬರ್ತಿತ್ತು. ವ್ಯಾನಲ್ಲಿ ಎರಡು ಸಲ ನೀರು ಕೇಳಿದ್ಲು. ಸರ್, ಆಸ್ಪತ್ರೆ ಆ ಕಡೆ ಅಲ್ವಾ, ಅಂದ್ಲು."

ಗೋಡೆಯ ಹತ್ತಿರ ನಿಂತಿದ್ದ ಉಜ್ಜಪ್ಪ ಮುಖ ತಿರುಗಿಸಿಕೊಂಡ.

ಎದುರಿಗೆ ಕೂತವನನ್ನು ಹೊಡೆಯಬೇಕೆಂದು ಮಮತಾಳಿಗೆ ಅನ್ನಿಸಲಿಲ್ಲ. ಮುಟ್ಟಲೂ ಹೇಸಿಗೆಯಾಯಿತು.

"ನೀವು ಏನು ಉತ್ತರ ಕೊಟ್ರಿ?"

"ಈಗ ಬಂತು ಅಂದೆ."

"ಈಗ ಬಂತು ಅಂದ್ರಿ."

"ನಾವು ಅವಳನ್ನ ಎಸೆಯಲಿಲ್ಲ ಮೇಡಂ. ತಿರುವಲ್ಲಿ, ರಸ್ತೆ ಪಕ್ಕ, ಮತ್ತಿ ಮರದ ಬುಡಕ್ಕೆ ಮಲಗಿಸಿದ್ವಿ. ಅಲ್ಲಿ ಬಿದ್ದು ಪೆಟ್ಟಾಯ್ತು ಅಂತ ಆಗ್ಬೇಕಿತ್ತು, ಅಷ್ಟೇ. ಓಟಗಾರರು ಬಿಸಾಡಿದ ನೀರಿನ ಕಪ್ಪು ಹೆಕ್ಕೋ ಹೆಂಗಸರು ಹಿಂದೆ ಬರೋರಿದ್ರು, ಅವರು ನೋಡ್ತಾರೆ, ಆಸ್ಪತ್ರೆಗೆ ಸೇರಿಸ್ತಾರೆ, ಬದುಕ್ತಾಳೆ ಅಂದ್ಕೊಂಡೆ."

"ಬದುಕಿದ ಮೇಲೆ ಅವಳು ಬಾಯಿ ಬಿಡಲ್ವಾ?"

ಅವನು ಮುಂದಿದ್ದ ಹಾಳೆಯನ್ನು ಪಕ್ಕಕ್ಕೆ ಸರಿಸಿದ.

"ಅವಳು ಸಿಕ್ಕಿದ್ದು ಮೂವತ್ತಡಿ ಕೆಳಗೆ, ಬಂಡೆ ಮೇಲೆ," ಎಂದಳು ಮಮತಾ. "ತಲೆ ಒಡೆದು."

"ಅದೇ ನನಗೆ ಗೊತ್ತಾಗ್ತಿಲ್ಲ. ಎರಡು ದಿನದಿಂದ ನಿದ್ದೆ ಇಲ್ಲ. ಕಾಲು ಮುರಿದವಳು ಎದ್ದು ಹೋಗೋಕಾಗಲ್ಲ. ಯಾರೋ ಆಮೇಲೆ ಬಂದಿದಾರೆ." ಅವನು ಎರಡೂ ಕೈ ಮುಖಕ್ಕೆ ಒತ್ತಿಕೊಂಡ. "ನಾನು ಪೂರ್ತಿ ಬಿಟ್ಟು ಬರಲಿಲ್ಲ ಮೇಡಂ. ಡ್ರೈವರ್ ವ್ಯಾನ್ ತಿರುಗಿಸೋವಾಗ ಅವಳ ಮನೆಯವರಿಗೆ ಫೋನ್ ಮಾಡಿದೆ. ಏಳು ನಲವತ್ತೊಂದಿರಬೇಕು. ತಿರುವಿನ ಹತ್ರ ಬಿದ್ದಿದಾಳೆ, ಬೇಗ ಬಂದು ಕರ್ಕೊಂಡು ಹೋಗು ಅಂದೆ. ಹತ್ತು ನಿಮಿಷಕ್ಕೆ ಬರ್ತೀನಿ ಅಂದ."

"ಯಾರು ಅಂದದ್ದು?"

"ರಾಜು. ಅವಳ ಅಣ್ಣ."

ಮಮತಾ ಉಜ್ಜಪ್ಪನ ಕಡೆ ನೋಡಿದಳು. ಭಾನುವಾರ ರಾಜು ಕೊಟ್ಟ ಹೇಳಿಕೆ ಇಬ್ಬರಿಗೂ ನೆನಪಿತ್ತು. ಬೆಳಿಗ್ಗೆಯೆಲ್ಲ ಕುರಿ ಹಟ್ಟಿಯಲ್ಲಿದ್ದೆ, ಒಂಬತ್ತು ಗಂಟೆಗೆ ಪೊಲೀಸರು ಹೇಳಿದ ಮೇಲೆಯೇ ಗೊತ್ತಾಯಿತು, ಎಂದಿದ್ದ ಅವನು.

ಅವಳು ಎದ್ದು ಹೊರಗೆ ಬಂದಳು.

ಬೆಂಚಿನಲ್ಲಿ ಹಾಲಮ್ಮ ಒಬ್ಬಳೇ ಕೂತಿದ್ದಳು.

"ರಾಜು ಎಲ್ಲಿ?"

"ಚಾ ತರ್ತೀನಿ ಅಂತ ಹೋದ್ನವ್ವ. ಆ ಮೇಷ್ಟ್ರು ಒಳಗ್ ಹೋದ್ರಲ್ಲ, ಆವಾಗ್ಲೇ. ಅರ್ಧ ತಾಸಾಗಿರ್ಬೇಕು."

ಉಜ್ಜಪ್ಪ ಗೇಟಿನವರೆಗೆ ಓಡಿ, ರಸ್ತೆಯ ಎರಡೂ ಕಡೆ ನೋಡಿ, ಅಲ್ಲಿಂದಲೇ ತಲೆ ಅಲ್ಲಾಡಿಸಿದ. ರಾಜುವಿನ ಬೈಕ್ ಇರಲಿಲ್ಲ.

"ಅವನ ನಂಬರ್ ಹೇಳಿ, ಫೋನ್ ಮಾಡ್ತೀನಿ," ಎಂದಳು ಮಮತಾ.

"ಫೋನ್ ಇಲ್ಲೇ ಐತಲ್ರಿ." ಹಾಲಮ್ಮ ಸೆರಗಿನ ಗಂಟು ಬಿಚ್ಚಿ ಮೊಬೈಲು ತೆಗೆದಳು. "ಇಟ್ಕೊಂಡಿರವ್ವ, ಯಾರಾದ್ರೂ ಮಾಡಿದ್ರೆ ಎತ್ಬೇಡ, ಅಂತ ಕೊಟ್ಟು ಹೋದ. ಯಾಕ್ರಿ?"

ಮಮತಾ ಅದನ್ನು ತೆಗೆದುಕೊಂಡಳು. ಬೀಗ ಇರಲಿಲ್ಲ. ಕರೆಗಳ ಪಟ್ಟಿ ತೆರೆದು ಭಾನುವಾರಕ್ಕೆ ಸರಿಸಿದಳು. ಏಳು ನಲವತ್ತೊಂದು, ಯತೀಶನಿಂದ ಬಂದ ಕರೆ. ಯತೀಶ ಹೇಳಿದ್ದು ನಿಜ.

ಅದಕ್ಕೂ ಮೊದಲು ಇನ್ನೊಂದಿತ್ತು. ಆರು ಗಂಟೆ ನಲವತ್ತೊಂಬತ್ತು ನಿಮಿಷ. ಅದು ಬಂದ ಕರೆಯಲ್ಲ, ರಾಜು ತಾನೇ ಮಾಡಿದ್ದು. ಹೆಸರಿನ ಜಾಗದಲ್ಲಿ 'ಪಂಚಾಕ್ಷರಪ್ಪ ಸಾರ್' ಎಂದಿತ್ತು.

ನಾಗಶ್ರೀ ಅರ್ಧದ ಗೆರೆ ದಾಟಿ ಎಂಟು ನಿಮಿಷವಾಗಿದ್ದ ಹೊತ್ತು ಅದು. ಆ ಹೊತ್ತಿಗೆ ನಾಲೆಯ ಏರಿಯ ಮೇಲೆ ಏನಾಯಿತೆಂದು ಲೋಕದಲ್ಲಿ ಗೊತ್ತಿದ್ದದ್ದು ಬೈಕಿನ ಮೇಲಿದ್ದ ಇಬ್ಬರಿಗೆ ಮಾತ್ರ. ಹಿಂದೆ ಕೂತಿದ್ದವನು ಅರುಣ.

"ಯಾರದವ್ವ ಅದು ನಂಬರು?" ಎಂದು ಹಾಲಮ್ಮ ಕೇಳಿದಳು. "ನಂಗೆ ಓದಾಕೆ ಬರಲ್ಲ. ಏನೈತಿ ಅದ್ರಾಗೆ, ಹೇಳು."